ಮೊದಲು ಶಾಲೆ, ಆಮೇಲೆ ಬ್ಯಾಂಕ್: ಅಮ್ಮೆಂಬಳ ಸುಬ್ಬರಾವ್ ಪೈ ಹಾಕಿಕೊಟ್ಟ ದಾರಿ

ಕಲ್ಯಾಣ: ಠಾಣೆ, ಡೊಂಬಿವಲಿ, ಕಲ್ಯಾಣದಲ್ಲಿ ನೆಲೆಸಿರುವ ಕರಾವಳಿ ಕನ್ನಡಿಗರಿಗೆ ಕೆನರಾ ಬ್ಯಾಂಕ್ ಹೆಸರು ಹೊಸದಲ್ಲ. ಆದರೆ ಅದನ್ನು ಕಟ್ಟಿದವರು ದೊಡ್ಡ ವ್ಯಾಪಾರಿಯಲ್ಲ, ಮಂಗಳೂರಿನ ಒಬ್ಬ ವಕೀಲರು ಎಂಬುದು ಹಲವರಿಗೆ ಗೊತ್ತಿಲ್ಲ. ಅವರೇ ಅಮ್ಮೆಂಬಳ ಸುಬ್ಬರಾವ್ ಪೈ.

1852ರ ನವೆಂಬರ್ 19ರಂದು ಮೂಲ್ಕಿಯಲ್ಲಿ ಜನಿಸಿದ ಪೈ, ಮದ್ರಾಸಿನಲ್ಲಿ ಕಾನೂನು ಓದಿ ಮಂಗಳೂರಿನಲ್ಲಿ ವಕೀಲಿ ಆರಂಭಿಸಿದರು. ಕೈಯಲ್ಲಿ ಹೆಸರು, ಸಂಪಾದನೆ ಎರಡೂ ಇದ್ದವು. ಆದರೂ 1891ರಲ್ಲಿ ಕೆನರಾ ಹೈಸ್ಕೂಲ್ ಸ್ಥಾಪಿಸಿದರು. 1894ರಲ್ಲಿ ಹೆಣ್ಣುಮಕ್ಕಳಿಗೂ ಶಾಲೆ ತೆರೆದರು. ಹುಡುಗಿಯರಿಗೆ ಓದು ಯಾಕೆ ಎಂದು ಕೇಳುತ್ತಿದ್ದ ಕಾಲವದು.

ಆಗ ರೈತರಿಗೆ, ಸಣ್ಣ ವ್ಯಾಪಾರಿಗಳಿಗೆ ಸಾಲ ಬೇಕೆಂದರೆ ಸಾಹುಕಾರರೇ ಗತಿ. ಬಡ್ಡಿ ಬೆಳೆದರೆ ಜಮೀನು ಕೈತಪ್ಪುತ್ತಿತ್ತು. ಉಳಿಸಿದ ನಾಲ್ಕು ಕಾಸನ್ನು ನಂಬಿ ಇಡಲು ಜಾಗವಿರಲಿಲ್ಲ. 1906ರ ಜುಲೈ 1ರಂದು ಪೈ 'ಕೆನರಾ ಹಿಂದೂ ಪರ್ಮನೆಂಟ್ ಫಂಡ್' ಆರಂಭಿಸಿದರು. ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಸುವುದು, ಅಜ್ಞಾನ ತೊಲಗಿಸುವುದು, ಕಷ್ಟದಲ್ಲಿದ್ದವರಿಗೆ ನೆರವಾಗುವುದು ಅದರ ಗುರಿಯಾಗಿತ್ತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು.

ಫಂಡ್‌ಗೆ ನಾಲ್ಕು ತಿಂಗಳು ತುಂಬುವ ಮೊದಲೇ, ಅಕ್ಟೋಬರ್‌ನಲ್ಲಿ, ಮದ್ರಾಸಿನ ಪ್ರತಿಷ್ಠಿತ ಅರ್ಬತ್‌ನಾಟ್ ಕಂಪನಿ ದಿವಾಳಿಯಾಯಿತು. ಸಾವಿರಾರು ಜನರ ಠೇವಣಿ ಮುಳುಗಿತು, ಕಂಪನಿಯ ಮುಖ್ಯಸ್ಥ ಜೈಲು ಸೇರಿದ. ದೊಡ್ಡ ಹೆಸರಿದ್ದ ಮಾತ್ರಕ್ಕೆ ಹಣ ಸುರಕ್ಷಿತವಲ್ಲ ಎಂಬ ಪಾಠ ದಕ್ಷಿಣ ಭಾರತಕ್ಕೆ ದುಬಾರಿಯಾಗಿಯೇ ಸಿಕ್ಕಿತು.

ಸುಮಾರು 90 ವರ್ಷಗಳ ಬಳಿಕ ಇದೇ ಪಾಠ ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ದೇಶಗಳಲ್ಲಿ ಮರುಕಳಿಸಿತು. ರಷ್ಯಾ 1992ರಲ್ಲಿ ಬೆಲೆ ನಿಯಂತ್ರಣ ಸಡಿಲಿಸಿ ಮಾರುಕಟ್ಟೆ ತೆರೆಯಿತು. ಆದರೆ ಲೆಕ್ಕ ಕೇಳುವ ಅಭ್ಯಾಸ, ಕಣ್ಣಿಡುವ ನಿಯಂತ್ರಕರು, ನಂಬಿಕಸ್ಥ ಬ್ಯಾಂಕ್ ಒಂದೇ ಆದೇಶದಿಂದ ಹುಟ್ಟಲಿಲ್ಲ. 1994ರಲ್ಲಿ ಎಂಎಂಎಂ ಎಂಬ ಹಣ ದುಪ್ಪಟ್ಟು ಯೋಜನೆ ಕುಸಿದು ಲಕ್ಷಾಂತರ ರಷ್ಯನ್ನರು ಕೈಸುಟ್ಟುಕೊಂಡರು. 1997ರಲ್ಲಿ ಅಲ್ಬೇನಿಯಾದಲ್ಲಿ ಇಂಥವೇ ಯೋಜನೆಗಳು ಮುಳುಗಿ, ಗಲಭೆಯಲ್ಲಿ ಸರ್ಕಾರವೇ ಉರುಳಿತು.

ಪೈ ಹಿಡಿದ ದಾರಿಯ ಬೆಲೆ ಇಲ್ಲಿ ತಿಳಿಯುತ್ತದೆ. ಅವರು ಶಾಲೆ ತೆರೆದು 15 ವರ್ಷಗಳಾದ ಮೇಲೆ ಬ್ಯಾಂಕ್ ಕಟ್ಟಿದರು. ಲೆಕ್ಕ ಓದಬಲ್ಲ ಜನರಿದ್ದರೆ ಮಾತ್ರ ಲೆಕ್ಕ ನೇರವಾಗಿರುತ್ತದೆ.

ಫಂಡ್ ಬೆಳೆದದ್ದನ್ನು ನೋಡಲು ಅವರಿಗೆ ಆಯುಷ್ಯ ಸಾಲಲಿಲ್ಲ. 1909ರ ಜುಲೈ 25ರಂದು, 56ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಫಂಡ್ ಕೆನರಾ ಬ್ಯಾಂಕ್ ಆಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡಿತು. 2020ರಲ್ಲಿ ಉಡುಪಿಯಲ್ಲೇ ಹುಟ್ಟಿದ್ದ ಸಿಂಡಿಕೇಟ್ ಬ್ಯಾಂಕ್ ಅದರಲ್ಲಿ ವಿಲೀನವಾಯಿತು. ಮಂಗಳೂರಿನಲ್ಲಿ ಕೆನರಾ ಶಾಲೆಗಳು ಈಗಲೂ ನಡೆಯುತ್ತಿವೆ.