ನೆಲದ ಮೇಲಿನ ಅಲೆಗೆ ಲೆಕ್ಕ ಕಟ್ಟಿದ ಸೋಮರ್ಫೆಲ್ಡರು

ನಮ್ಮ ಕಡೆ ಬಾವಿ ತೋಡಿಸಿದವರಿಗೆಲ್ಲ ಗೊತ್ತಿರುವ ಸಂಗತಿ: ಮೇಲೆ ಮಣ್ಣು, ಅದರಡಿ ಮುರಕಲ್ಲು, ಮತ್ತೆ ಜೇಡಿ, ಆಮೇಲೆ ನೀರು. ನೆಲವೆಂದರೆ ಪದರ ಪದರ. ಇಂತಹ ನೆಲದ ಮೇಲೆ ಆಂಟೆನಾದಿಂದ ಹೊರಟ ರೇಡಿಯೋ ಅಲೆ ಎಷ್ಟು ದೂರದಲ್ಲಿ ಎಷ್ಟು ಕುಂದುತ್ತದೆ ಎಂಬುದಕ್ಕೆ ಗಣಿತದ ದಾರಿ ಹಾಕಿಕೊಟ್ಟವರು ಜರ್ಮನಿಯ ಆರ್ನಾಲ್ಡ್ ಸೋಮರ್ಫೆಲ್ಡರು. ಪರಮಾಣುವಿನ ದೀರ್ಘವೃತ್ತ ಕಕ್ಷೆಗಳ ಪಾಠದಲ್ಲಿ ಇವರ ಹೆಸರನ್ನು ನಾವೆಲ್ಲ ಓದಿದ್ದೇವೆ. ರೇಡಿಯೋದ ವಿಚಾರ ಮಾತ್ರ ಆ ಪಾಠದಲ್ಲಿ ಬರುವುದಿಲ್ಲ.

ಇವರು 1868ರ ಡಿಸೆಂಬರ್ 5ರಂದು ಕೋನಿಗ್ಸ್‌ಬರ್ಗಿನಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಆ ಊರು ಈಗ ರಷ್ಯದ ಕಲಿನಿನ್‌ಗ್ರಾಡ್. 1891ರಲ್ಲಿ ಡಾಕ್ಟರೇಟ್ ಪಡೆದು, ಗಾಟಿಂಗೆನ್‌ನಲ್ಲಿ ಫೆಲಿಕ್ಸ್ ಕ್ಲೈನರ ಸಹಾಯಕರಾದರು. 1900ರಲ್ಲಿ ಆಖೆನ್ ತಾಂತ್ರಿಕ ವಿದ್ಯಾಲಯ ಸೇರಿ, ಎಂಜಿನಿಯರರ ನಡುವೆ ಇದ್ದು ಬೇರಿಂಗಿನ ಎಣ್ಣೆಯ ಲೆಕ್ಕವನ್ನೂ ಮಾಡಿದರು. 1906ರಿಂದ ಮ್ಯೂನಿಕ್ ವಿಶ್ವವಿದ್ಯಾಲಯವೇ ಅವರ ಕಾರ್ಯಕ್ಷೇತ್ರ.

ನಿಸ್ತಂತು ಸಂದೇಶದ ಪ್ರಬಂಧ ಹೊರಬಂದದ್ದು 1909ರಲ್ಲಿ. ತೊಡಕು ಇಷ್ಟೇ: ಆಂಟೆನಾದ ಅಲೆ ಗುಂಡಗೆ ಹರಡುತ್ತದೆ, ನೆಲ ಚಪ್ಪಟೆ. ಇವೆರಡಕ್ಕೂ ಹೊಂದಿಕೆಯಿಲ್ಲ. ಸೋಮರ್ಫೆಲ್ಡರು ಆ ಅಲೆಯನ್ನು ಅಸಂಖ್ಯ ಸರಳ ಅಲೆಗಳಾಗಿ ಬಿಡಿಸಿದರು. ಒಂದೊಂದು ಸರಳ ಅಲೆಯೂ ನೆಲಕ್ಕೆ ತಾಗಿ ಎಷ್ಟು ಮರಳುತ್ತದೆ, ಎಷ್ಟು ಒಳಗಿಳಿಯುತ್ತದೆ ಎಂದು ಹೇಳುವುದು ಸುಲಭ. ಕೊನೆಗೆ ಎಲ್ಲವನ್ನೂ ಕೂಡಿಸಬೇಕು. ಈ ಕೂಡಿಕೆಯೇ ಸೋಮರ್ಫೆಲ್ಡ್ ಅನುಕಲ. ಪದರಗಳು ಹತ್ತಿದ್ದರೂ ಕ್ರಮ ಅದೇ; ಮರಳುವ ಪಾಲಿನ ಸೂತ್ರ ಮಾತ್ರ ಉದ್ದವಾಗುತ್ತದೆ.

ಆದರೆ ಕೂಡಿಸುವುದೇ ಕಷ್ಟ. ಒಳಗಿನ ಬೆಲೆ ಧನಕ್ಕೂ ಋಣಕ್ಕೂ ಬಿಡದೆ ತೂಗಾಡುತ್ತದೆ, ಕೆಲವೆಡೆ ಥಟ್ಟನೆ ಏರುತ್ತದೆ. ಹಾಗಾಗಿ ಅಂದಾಜಿನ ಸೂತ್ರಗಳೇ ಗತಿ. ದೂರ, ಅಲೆಯುದ್ದ, ನೆಲದ ಗುಣ ಮೂರನ್ನೂ ಒಂದೇ ಸಂಖ್ಯೆಗೆ ಇಳಿಸಿ ಅದಕ್ಕೆ ಸಂಖ್ಯಾ ದೂರ ಎಂದು ಹೆಸರಿಟ್ಟರು. ಕಡಲ ನೀರಿನ ಮೇಲೆ ಅಲೆ ದೂರ ಸಾಗುವುದೂ ಒಣನೆಲದಲ್ಲಿ ಬೇಗ ಸೊರಗುವುದೂ ಇದರಿಂದ ತಿಳಿಯುತ್ತಿತ್ತು.

ಅಂದಾಜೇ ಜಗಳಕ್ಕೂ ಕಾರಣವಾಯಿತು. ನೆಲಕ್ಕೆ ಅಂಟಿಕೊಂಡು ಹೋಗುವ ಒಂದು ಮೇಲ್ಮೈ ಅಲೆಗೆ ಅವರು ಹೆಚ್ಚು ಪಾಲು ಕೊಟ್ಟಿದ್ದರು. 1919ರಲ್ಲಿ ಹರ್ಮನ್ ವೈಲ್ ಬೇರೆ ದಾರಿಯಿಂದ ಬಂದು ಬೇರೆ ಉತ್ತರ ಪಡೆದರು. 1926ರಲ್ಲಿ ಸೋಮರ್ಫೆಲ್ಡರು ಲೆಕ್ಕವನ್ನು ಮತ್ತೆ ಕೈಗೆತ್ತಿಕೊಂಡರು. 1935ರಲ್ಲಿ ಅಮೆರಿಕದ ನಾರ್ಟನ್, ಮೊದಲ ಪ್ರಬಂಧದಲ್ಲಿ ಚಿಹ್ನೆ ತಪ್ಪಿದೆ ಎಂದರು. ಆ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಬಂತು. ಅಂತಹ ಚಿಹ್ನೆಯ ತಪ್ಪು ಅಲ್ಲಿರಲೇ ಇಲ್ಲ, ದೋಷವಿದ್ದದ್ದು ಅಂದಾಜಿನಲ್ಲಿ ಎಂದು ಕಾಲಿನ್ ಎಂಬ ವಿದ್ವಾಂಸರು 2004ರಲ್ಲಿ ವಾದಿಸಿದರು. ಪ್ಲಸ್ ಮೈನಸ್ ತಪ್ಪಿಗೆ ಮಕ್ಕಳ ಅಂಕ ಕಳೆಯುವ ನಮ್ಮಂತಹ ಮೇಷ್ಟ್ರುಗಳು ಇದನ್ನೊಮ್ಮೆ ನೆನೆಯಬಹುದು. ಇಂದು ಕಂಪ್ಯೂಟರ್ ಇದೇ ಅನುಕಲವನ್ನು ಚೂರುಚೂರಾಗಿ ಕೂಡಿಸುತ್ತದೆ. ನೆಲದಡಿಯ ಶೋಧನೆಯ ರೇಡಾರಿಗೂ ಪದರಹಲಗೆಯ ಮೇಲೆ ಅಚ್ಚೊತ್ತಿದ ಆಂಟೆನಾಕ್ಕೂ ಅದು ಬೇಕು.

1928ರಲ್ಲಿ, ರಾಮನ್ ಪರಿಣಾಮ ಹೊರಬಿದ್ದ ವರ್ಷವೇ, ಸೋಮರ್ಫೆಲ್ಡರು ಭಾರತಕ್ಕೆ ಬಂದು ಕಲ್ಕತ್ತೆಯಲ್ಲಿ ಅಲೆ ಬಲವಿಜ್ಞಾನದ ಉಪನ್ಯಾಸಗಳನ್ನು ಕೊಟ್ಟರು.

ಅವರ ಬಳಿ ಡಾಕ್ಟರೇಟ್ ಮಾಡಿದ ಡಿಬೈ, ಪೌಲಿ, ಹೈಸೆನ್‌ಬರ್ಗ್, ಬೆಥೆ ನಾಲ್ವರಿಗೂ ನೊಬೆಲ್ ಬಂತು. ಹತ್ತಾರು ಬಾರಿ ಹೆಸರು ಸೂಚಿತವಾಗಿಯೂ ಗುರುಗಳಿಗೆ ಬರಲಿಲ್ಲ. ಅದಕ್ಕಿಂತ ದೊಡ್ಡ ನೋವು ಬೇರೆಯಿತ್ತು. 1935ರಲ್ಲಿ ನಿವೃತ್ತಿಯ ವಯಸ್ಸಾದಾಗ ತಮ್ಮ ಪೀಠಕ್ಕೆ ಹೈಸೆನ್‌ಬರ್ಗ್ ಬರಲೆಂದು ಬಯಸಿದ್ದರು. ಐನ್‌ಸ್ಟೈನರ ಸಿದ್ಧಾಂತ ಕಲಿಸುವವರೆಂದು ನಾತ್ಸಿಗಳು ಶಿಷ್ಯನ ಮೇಲೆ ಹರಿಹಾಯ್ದರು. ವರ್ಷಗಟ್ಟಲೆ ಎಳೆದಾಟದ ಬಳಿಕ 1939ರಲ್ಲಿ ಸೈದ್ಧಾಂತಿಕ ಭೌತಶಾಸ್ತ್ರಜ್ಞರೇ ಅಲ್ಲದ ವಿಲ್ಹೆಲ್ಮ್ ಮ್ಯೂಲರ್ ಆ ಪೀಠದಲ್ಲಿ ಕುಳಿತರು. ಮೂವತ್ತು ವರ್ಷ ಕಟ್ಟಿದ ಶಾಲೆ ಕಣ್ಣೆದುರೇ ಬರಿದಾಯಿತು.

ತಮ್ಮ ಪಾಠಗಳನ್ನು ಆರು ಸಂಪುಟಗಳಾಗಿ ಅಚ್ಚಿಗೆ ಸಿದ್ಧಪಡಿಸುವುದರಲ್ಲಿ ಮುದಿತನವನ್ನು ಕಳೆದರು. ಆರನೆಯದರಲ್ಲಿ ರೇಡಿಯೋ ಅಲೆಗೆ ಒಂದು ಅಧ್ಯಾಯವೇ ಇದೆ. 1951ರ ವಸಂತದಲ್ಲಿ ಮೊಮ್ಮಕ್ಕಳೊಡನೆ ನಡೆಯಲು ಹೋಗಿದ್ದಾಗ ವಾಹನವೊಂದು ಬಡಿಯಿತು. ಏಪ್ರಿಲ್ 26ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು.