ರೆಜಿನಾಲ್ಡ್ ಡೆನ್ನಿ

ರೆಜಿನಾಲ್ಡ್ ಡೆನ್ನಿ (20 ನವೆಂಬರ್ 1891 – 16 ಜೂನ್ 1967) ಇಂಗ್ಲೆಂಡಿನಲ್ಲಿ ಜನಿಸಿ ಅಮೆರಿಕದಲ್ಲಿ ಖ್ಯಾತಿ ಗಳಿಸಿದ ರಂಗನಟರು ಹಾಗೂ ಚಲನಚಿತ್ರ ನಟರು. ವಿಮಾನ ಹಾರಿಸುವುದರಲ್ಲಿಯೂ ಮಾದರಿ ವಿಮಾನಗಳನ್ನು ತಯಾರಿಸುವುದರಲ್ಲಿಯೂ ಅವರಿಗೆ ಅಪಾರ ಆಸಕ್ತಿ ಇತ್ತು. ಈ ಹವ್ಯಾಸವೇ ಮುಂದೆ ಉದ್ಯಮವಾಗಿ ಬೆಳೆಯಿತು. ಅವರು ಪಾಲುದಾರರೊಡನೆ ಸ್ಥಾಪಿಸಿದ ರೇಡಿಯೋಪ್ಲೇನ್ ಕಂಪನಿಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗೆ ಸುಮಾರು 15,000 ರೇಡಿಯೋ ನಿಯಂತ್ರಿತ ವಿಮಾನಗಳನ್ನು ಒದಗಿಸಿತು. ಚಾಲಕರಹಿತ ವಿಮಾನವನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಚಿಕ್ಕದಾದ, ಅಗ್ಗವಾದ, ಆದರೆ ನಂಬಿಕೆಗೆ ಯೋಗ್ಯವಾದ ಪೆಟ್ರೋಲ್ ಎಂಜಿನ್ ದೊರೆತದ್ದು ಈ ಯಶಸ್ಸಿನ ಒಂದು ಮುಖ್ಯ ಕಾರಣವಾಗಿತ್ತು.

ಜನನ ಮತ್ತು ಬಾಲ್ಯ

ಡೆನ್ನಿಯವರು ಇಂಗ್ಲೆಂಡಿನ ಸರ್ರೆ ಪ್ರಾಂತದ ರಿಚ್‌ಮಂಡ್‌ನಲ್ಲಿ ಜನಿಸಿದರು. ಅವರ ಜನ್ಮನಾಮ ರೆಜಿನಾಲ್ಡ್ ಲೀ ಡಗ್‌ಮೋರ್. ತಂದೆ ಡಬ್ಲ್ಯು. ಎಚ್. ಡೆನ್ನಿ ಹೆಸರಾಂತ ಗಾಯಕ-ನಟರು. ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ ಗೀತನಾಟಕಗಳ ಮೊದಲ ಪ್ರಯೋಗಗಳಲ್ಲಿ ಅವರು ಮುಖ್ಯ ಪಾತ್ರಗಳನ್ನು ವಹಿಸಿದ್ದರು. ರಂಗಭೂಮಿಯ ಮನೆತನದಲ್ಲಿ ಬೆಳೆದ ರೆಜಿನಾಲ್ಡ್ 1899ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ, ಲಂಡನ್ನಿನ ರಂಗಮಂಚವನ್ನೇರಿದರು. ಸಸೆಕ್ಸ್ ಪ್ರಾಂತದ ಮೇಫೀಲ್ಡ್‌ನಲ್ಲಿ ಅವರ ಶಾಲಾ ಶಿಕ್ಷಣ ನಡೆಯಿತು. ಹದಿನಾರನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟರು. ಮುಷ್ಟಿಯುದ್ಧದಲ್ಲಿಯೂ ತರಬೇತಿ ಪಡೆದರು.

ರಂಗಭೂಮಿ ಮತ್ತು ಭಾರತ ಪ್ರವಾಸ

1911ರಲ್ಲಿ ಡೆನ್ನಿಯವರು ಒಂದು ಸಂಗೀತ ನಾಟಕ ತಂಡದೊಡನೆ ಮೊದಲ ಬಾರಿಗೆ ಅಮೆರಿಕಕ್ಕೆ ಹೋದರು. ಆ ಬಳಿಕ ಬ್ಯಾಂಡ್‌ಮನ್ ಒಪೆರಾ ಕಂಪನಿಯನ್ನು ಗಾಯಕರಾಗಿ ಸೇರಿ ಭಾರತ ಮತ್ತು ದೂರಪೂರ್ವ ದೇಶಗಳಲ್ಲಿ ಸಂಚರಿಸಿದರು. ಈ ಕಂಪನಿಯು ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಏಷ್ಯಾದ ದೊಡ್ಡ ನಗರಗಳಲ್ಲಿ ಇಂಗ್ಲಿಷ್ ಸಂಗೀತ ನಾಟಕಗಳನ್ನು ಪ್ರದರ್ಶಿಸುತ್ತಿತ್ತು. ಅದೇ ಕಂಪನಿಯ ನಟಿ ಐರೀನ್ ಹೈಸ್ಮನ್ ಅವರನ್ನು ಡೆನ್ನಿಯವರು 1913ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ವಿವಾಹವಾದರು. ಈ ದಂಪತಿಗಳಿಗೆ ಒಬ್ಬ ಮಗಳು. 1928ರಲ್ಲಿ ಈ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡಿತು. ಅದೇ ವರ್ಷ ಅವರು ಮತ್ತೊಬ್ಬ ನಟಿಯನ್ನು ಮದುವೆಯಾದರು. ಅವರಿಂದ ಇಬ್ಬರು ಮಕ್ಕಳಾದರು.

ಮೊದಲನೆಯ ಮಹಾಯುದ್ಧ

ಮೊದಲನೆಯ ಮಹಾಯುದ್ಧದಲ್ಲಿ ಡೆನ್ನಿಯವರು ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್ ಸೇರಿ ಸೇವೆ ಸಲ್ಲಿಸಿದರು. ಸೇನೆಯಲ್ಲಿದ್ದಾಗ ಮುಷ್ಟಿಯುದ್ಧದ ಸ್ಪರ್ಧೆಗಳಲ್ಲಿಯೂ ಹೆಸರು ಪಡೆದರು. ಇಲ್ಲಿ ಹುಟ್ಟಿದ ವಿಮಾನಗಳ ಮೇಲಿನ ಒಲವು ಜೀವನದುದ್ದಕ್ಕೂ ಉಳಿಯಿತು. ಯುದ್ಧಾನಂತರ ಅಮೆರಿಕದಲ್ಲಿ ನೆಲೆಸಿದ ಅವರು, ಚಿತ್ರನಟರಾಗಿ ಹೆಸರು ಗಳಿಸಿದ ಮೇಲೂ ಬಿಡುವಿನ ವೇಳೆಯಲ್ಲಿ ತಾವೇ ವಿಮಾನ ಹಾರಿಸುತ್ತಿದ್ದರು.

ಚಲನಚಿತ್ರ ಜೀವನ

ಯೂನಿವರ್ಸಲ್ ಸಂಸ್ಥೆಯ 'ದಿ ಲೆದರ್ ಪುಷರ್ಸ್' (1922–24) ಎಂಬ ಕಿರುಚಿತ್ರ ಸರಣಿಯಲ್ಲಿ ಮುಷ್ಟಿಯೋಧನ ಪಾತ್ರ ವಹಿಸಿದ ಡೆನ್ನಿಯವರು ಜನಪ್ರಿಯರಾದರು. ಬಾಲ್ಯದಲ್ಲಿ ಕಲಿತ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂದಿತು. ಅನಂತರ ಮೂಕಿ ಚಿತ್ರಗಳ ಹಾಸ್ಯ ನಾಯಕರಾಗಿ ಮಿಂಚಿದರು. ಮಾತಿನ ಚಿತ್ರಗಳು ಬಂದ ಮೇಲೆ ಅವರ ಇಂಗ್ಲೆಂಡಿನ ಉಚ್ಚಾರಣೆ ಕೇಳಿಸತೊಡಗಿತು. ಅಚ್ಚ ಅಮೆರಿಕನ್ ಯುವಕನ ಪಾತ್ರಗಳು ಅವರಿಗೆ ಒಪ್ಪದಾದವು. ಆಗ ಅವರು ನಾಯಕನ ಸ್ಥಾನವನ್ನು ಬಿಟ್ಟು ಪೋಷಕ ಪಾತ್ರಗಳತ್ತ ಹೊರಳಿ, ಮುಂದಿನ ಮೂರೂವರೆ ದಶಕಗಳ ಕಾಲ ಬೇಡಿಕೆಯ ನಟರಾಗಿ ಉಳಿದರು. 'ಅರೌಂಡ್ ದಿ ವರ್ಲ್ಡ್ ಇನ್ 80 ಡೇಸ್' (1956) ಚಿತ್ರದಲ್ಲಿ ಅವರು ವಹಿಸಿದ್ದು ಬೊಂಬಾಯಿಯ ಪೊಲೀಸ್ ಅಧಿಕಾರಿಯ ಪಾತ್ರ.

ಮಾದರಿ ವಿಮಾನಗಳ ಹವ್ಯಾಸ

1930ರ ದಶಕದ ಆರಂಭದಲ್ಲಿ ಅಮೆರಿಕದ ಮಾದರಿ ವಿಮಾನಗಳಲ್ಲಿ ದೊಡ್ಡ ಬದಲಾವಣೆಯೊಂದು ಉಂಟಾಯಿತು. ಅದುವರೆಗೆ ಹೆಚ್ಚಿನ ಮಾದರಿಗಳು ತಿರುಚಿದ ರಬ್ಬರ್ ಪಟ್ಟಿಯ ಬಲದಿಂದ ಅಲ್ಪಕಾಲ ಹಾರುತ್ತಿದ್ದವು. ಫಿಲಡೆಲ್ಫಿಯಾದ ವಿಲಿಯಂ ಬ್ರೌನ್ ಎಂಬ ತರುಣರು ರೂಪಿಸಿದ ಸುಮಾರು 10 ಘನ ಸೆಂಟಿಮೀಟರ್ ಗಾತ್ರದ 'ಬ್ರೌನ್ ಜೂನಿಯರ್' ಪೆಟ್ರೋಲ್ ಎಂಜಿನ್ 1934ರ ಹೊತ್ತಿಗೆ ಮಾರುಕಟ್ಟೆಗೆ ಬಂದಿತು. ಅಂಗೈಯಲ್ಲಿ ಹಿಡಿಯಬಹುದಾದ ಎಂಜಿನ್ ಒಂದು ಮಾದರಿ ವಿಮಾನವನ್ನು ಬಹಳ ಹೊತ್ತು ಹಾರಿಸಬಲ್ಲದೆಂಬುದು ಹವ್ಯಾಸಿಗಳಿಗೆ ಮನವರಿಕೆಯಾಯಿತು.

ಇದೇ ಕಾಲದಲ್ಲಿ ಡೆನ್ನಿಯವರು ಮಾದರಿ ವಿಮಾನಗಳತ್ತ ಆಕರ್ಷಿತರಾದರು. 1934ರಲ್ಲಿ ಪಾಲುದಾರರೊಡನೆ 'ರೆಜಿನಾಲ್ಡ್ ಡೆನ್ನಿ ಇಂಡಸ್ಟ್ರೀಸ್' ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಹಾಲಿವುಡ್‌ನಲ್ಲಿ ಮಾದರಿ ವಿಮಾನಗಳ ಅಂಗಡಿಯನ್ನು ತೆರೆದರು. 'ಡೆನ್ನಿಪ್ಲೇನ್' ಎಂಬ ಮಾದರಿ ವಿಮಾನವೂ 'ಡೆನ್ನಿಮೈಟ್' ಎಂಬ ಎಂಜಿನ್ನೂ ಅವರ ಹೆಸರಿನಲ್ಲಿ ಮಾರಾಟವಾದವು. ಡೆನ್ನಿಮೈಟ್ ಎಂಜಿನ್ನನ್ನು ರೂಪಿಸಿದವರು ವಾಲ್ಟರ್ ರೈಟರ್ ಎಂಬ ಎಂಜಿನಿಯರ್. ಒಂದೇ ಸಿಲಿಂಡರಿನ ಈ ಟೂ-ಸ್ಟ್ರೋಕ್ ಎಂಜಿನ್ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ನಡೆಯುತ್ತಿತ್ತು. ನಟನ ಹೆಸರು ಮತ್ತು ಎಂಜಿನಿಯರನ ಕೈಚಳಕ ಸೇರಿದ ಈ ಸಹಯೋಗವೇ ಮುಂದಿನ ದೊಡ್ಡ ಪ್ರಯತ್ನಕ್ಕೆ ಬುನಾದಿಯಾಯಿತು.

ಗುರಿ ವಿಮಾನದ ಕಲ್ಪನೆ

ವಿಮಾನವಿರೋಧಿ ಫಿರಂಗಿಯ ಯೋಧರಿಗೆ ಅಭ್ಯಾಸಕ್ಕಾಗಿ ಆಗ ಸಾಮಾನ್ಯವಾಗಿ ದೊರೆಯುತ್ತಿದ್ದುದು ವಿಮಾನದ ಹಿಂದೆ ಹಗ್ಗಕ್ಕೆ ಕಟ್ಟಿ ಎಳೆಯುವ ಬಟ್ಟೆಯ ಗುರಿ. ಅದು ನೇರವಾಗಿ, ನಿಧಾನವಾಗಿ ಸಾಗುತ್ತಿತ್ತು. ಶತ್ರುವಿಮಾನದಂತೆ ತಿರುಗುತ್ತಿರಲಿಲ್ಲ, ಎರಗುತ್ತಿರಲಿಲ್ಲ. ಎಳೆಯುವ ವಿಮಾನದ ಚಾಲಕನಿಗೂ ಅಪಾಯವಿತ್ತು. ಬ್ರಿಟನ್ 1935ರಲ್ಲಿ 'ಕ್ವೀನ್ ಬೀ' ಎಂಬ ರೇಡಿಯೋ ನಿಯಂತ್ರಿತ ಗುರಿ ವಿಮಾನವನ್ನು ಹಾರಿಸಿತು. ಆದರೆ ಅದು ಪೂರ್ಣ ಗಾತ್ರದ, ಸುಮಾರು 130 ಅಶ್ವಶಕ್ತಿಯ ಎಂಜಿನ್ ಹೊಂದಿದ್ದ ವಿಮಾನ. ಗುಂಡು ತಗುಲಿ ಬಿದ್ದರೆ ನಷ್ಟವೂ ಅಷ್ಟೇ ದೊಡ್ಡದು.

ಮಾದರಿ ವಿಮಾನವನ್ನೇ ತುಸು ದೊಡ್ಡದಾಗಿ ಕಟ್ಟಿ ರೇಡಿಯೋ ಮೂಲಕ ನಡೆಸಿದರೆ ಇದೇ ಕೆಲಸವನ್ನು ಅಲ್ಪ ವೆಚ್ಚದಲ್ಲಿ ಮಾಡಬಹುದೆಂಬುದು ಡೆನ್ನಿಯವರ ಆಲೋಚನೆಯಾಗಿತ್ತು. 1935ರಲ್ಲಿ ಅವರು ಈ ಕೆಲಸವನ್ನು ಕೈಗೆತ್ತಿಕೊಂಡರು. ಮೊದಲ ಮಾದರಿಗೆ ಆರ್‌ಪಿ-1 ಎಂದು ಹೆಸರಿಟ್ಟರು. ಅಮೆರಿಕದ ಸೇನೆ ತಕ್ಷಣ ಒಪ್ಪಲಿಲ್ಲ. ಆರ್‌ಪಿ-2, ಆರ್‌ಪಿ-3, ಆರ್‌ಪಿ-4 ಎಂದು ಒಂದೊಂದಾಗಿ ತಿದ್ದುಪಡಿಗಳಾದವು. ಒಪ್ಪಿಗೆ ದೊರೆಯಲು ಸುಮಾರು ಐದು ವರ್ಷಗಳು ಹಿಡಿದವು.

ಎಂಜಿನ್ ಆಯ್ಕೆಯ ಸಮಸ್ಯೆ

ದೊಡ್ಡ ರೇಡಿಯೋ ನಿಯಂತ್ರಿತ ವಿಮಾನಕ್ಕೆ ತಕ್ಕ ಎಂಜಿನ್ ದೊರಕಿಸುವುದು ಆ ದಿನಗಳಲ್ಲಿ ಸುಲಭವಾಗಿರಲಿಲ್ಲ. ಬ್ರೌನ್ ಜೂನಿಯರ್ ಅಥವಾ ಡೆನ್ನಿಮೈಟ್‌ನಂತಹ ಎಂಜಿನ್ನುಗಳು ಒಂದು ಅಶ್ವಶಕ್ತಿಯ ಸಣ್ಣ ಅಂಶವನ್ನಷ್ಟೇ ನೀಡುತ್ತಿದ್ದವು. ಗುರಿ ವಿಮಾನಕ್ಕೆ ಅದರ ಹಲವು ಪಟ್ಟು ಶಕ್ತಿ ಬೇಕಾಗಿತ್ತು. ನಿಜವಾದ ವಿಮಾನಗಳ ಎಂಜಿನ್ನುಗಳು ತೀರಾ ದೊಡ್ಡವು. ಮೋಟಾರು ಸೈಕಲ್ಲಿನ ಎಂಜಿನ್ನುಗಳು ತೂಕದವು.

ಶಕ್ತಿಗಿಂತಲೂ ಮುಖ್ಯವಾದ ಪ್ರಶ್ನೆ ಭರವಸೆಯದು. ವಿಮಾನದಲ್ಲಿ ಚಾಲಕನಿದ್ದರೆ ಎಂಜಿನ್ನಿನ ಸದ್ದಿನಲ್ಲಿ ವ್ಯತ್ಯಾಸವಾದ ಕೂಡಲೇ ಅವನಿಗೆ ತಿಳಿಯುತ್ತದೆ. ಇಂಧನವನ್ನು ಹೊಂದಿಸಬಲ್ಲನು, ಬಯಲು ನೋಡಿ ಇಳಿಸಬಲ್ಲನು. ನೆಲದ ಮೇಲೆ ನಿಂತು ದೂರದಿಂದ ನಡೆಸುವವನಿಗೆ ಈ ಅವಕಾಶವಿಲ್ಲ. ಎಂಜಿನ್ ನಿಂತರೆ ವಿಮಾನ ವೇಗ ಕಳೆದುಕೊಂಡು ಇಳಿಯತೊಡಗುತ್ತದೆ. ದೂರದಲ್ಲಿ ಕಣ್ಮರೆಯಾದರೆ ಕೈತಪ್ಪಿದಂತೆಯೇ ಸರಿ. ಆದ್ದರಿಂದ ಇಂತಹ ವಿಮಾನದ ಎಂಜಿನ್ ಸುಲಭವಾಗಿ ಆರಂಭವಾಗಬೇಕು, ಒಂದೇ ಸಮನಾಗಿ ನಡೆಯಬೇಕು, ಬಿಸಿಯೇರಿ ಸಿಕ್ಕಿಕೊಳ್ಳಬಾರದು.

ರೈಟರ್ ಅವರು ಗುರಿ ವಿಮಾನಕ್ಕಾಗಿ ರೂಪಿಸಿದ ಎಂಜಿನ್, ಎದುರುಬದುರಾಗಿ ಮಲಗಿಸಿದ ಎರಡು ಸಿಲಿಂಡರುಗಳ ಟೂ-ಸ್ಟ್ರೋಕ್ ಎಂಜಿನ್. ಸೇನೆ ಅದಕ್ಕೆ ಒ-15 ಎಂಬ ಗುರುತನ್ನಿತ್ತಿತು. ಅದರ ಶಕ್ತಿ ಸುಮಾರು 6.5 ಅಶ್ವಶಕ್ತಿ. ಈ ಬಗೆಯ ಎಂಜಿನ್ನಿಗೆ ಹಲವು ಅನುಕೂಲಗಳಿವೆ.

* ಸರಳತೆ: ಸಾಮಾನ್ಯ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿರುವಂತಹ ಕವಾಟಗಳೂ ಅವುಗಳನ್ನು ತೆರೆದು ಮುಚ್ಚುವ ಭಾಗಗಳೂ ಇರುವುದಿಲ್ಲ. ಭಾಗಗಳು ಕಡಿಮೆಯಾದಷ್ಟೂ ಕೆಡುವ ಸಂಭವ ಕಡಿಮೆ, ತಯಾರಿಕೆಯ ವೆಚ್ಚವೂ ಕಡಿಮೆ.
* ಎಣ್ಣೆ: ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸುವುದರಿಂದ ಪ್ರತ್ಯೇಕ ಎಣ್ಣೆ ತೊಟ್ಟಿ ಬೇಕಿಲ್ಲ. ವಿಮಾನ ವಾಲಿದರೂ ತಿರುಗಿದರೂ ಎಂಜಿನ್ನಿಗೆ ಎಣ್ಣೆ ತಲುಪುತ್ತಿರುತ್ತದೆ.
* ಸಮತೋಲ: ಎರಡು ಪಿಸ್ಟನ್ನುಗಳು ಒಂದೇ ಕಾಲಕ್ಕೆ ಹೊರಕ್ಕೂ ಒಂದೇ ಕಾಲಕ್ಕೆ ಒಳಕ್ಕೂ ಚಲಿಸುವುದರಿಂದ ಒಂದರ ಅದುರುವಿಕೆಯನ್ನು ಇನ್ನೊಂದು ಬಹುಮಟ್ಟಿಗೆ ತಗ್ಗಿಸುತ್ತದೆ. ಆ ಕಾಲದ ರೇಡಿಯೋ ಉಪಕರಣಗಳಲ್ಲಿ ಗಾಜಿನ ವಾಲ್ವುಗಳು ಮತ್ತು ಸೂಕ್ಷ್ಮ ಸಂಪರ್ಕಗಳು ಇದ್ದುದರಿಂದ ಅದುರುವಿಕೆ ತಗ್ಗುವುದು ಬಹಳ ಮುಖ್ಯವಾಗಿತ್ತು.
* ತಂಪು: ಸಿಲಿಂಡರುಗಳು ಎರಡೂ ಪಕ್ಕಗಳಲ್ಲಿ ಗಾಳಿಗೆ ಒಡ್ಡಿಕೊಂಡಿರುವುದರಿಂದ ನೀರಿನ ವ್ಯವಸ್ಥೆಯಿಲ್ಲದೆ ತಣಿಯುತ್ತವೆ.

ಪೆಟ್ರೋಲ್ ಎಂಜಿನ್ನಿಗೆ ತನ್ನದೇ ಆದ ತೊಡಕೂ ಇದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯು ರೇಡಿಯೋ ಅಲೆಗಳನ್ನು ಹೊಮ್ಮಿಸುತ್ತದೆ. ಅದೇ ವಿಮಾನದೊಳಗಿರುವ ಗ್ರಾಹಕ ಉಪಕರಣಕ್ಕೆ ಇದರಿಂದ ಅಡ್ಡಿಯುಂಟಾಗಬಹುದು. ಹೀಗಾಗಿ ಇಂತಹ ವಿಮಾನಗಳಲ್ಲಿ ಕಿಡಿಯ ತಂತಿಗಳಿಗೆ ಲೋಹದ ಹೊದಿಕೆ ಹಾಕುವುದು, ಎಂಜಿನ್ನನ್ನೂ ರೇಡಿಯೋವನ್ನೂ ದೂರ ದೂರ ಇರಿಸುವುದು ವಾಡಿಕೆ.

ರೇಡಿಯೋಪ್ಲೇನ್ ಕಂಪನಿ

1940ರಲ್ಲಿ ರೇಡಿಯೋಪ್ಲೇನ್ ಕಂಪನಿ ಅಸ್ತಿತ್ವಕ್ಕೆ ಬಂದಿತು. ಲಾಸ್ ಏಂಜಲಿಸ್ ಬಳಿಯ ವ್ಯಾನ್ ನೈಸ್‌ನಲ್ಲಿ ಅದರ ಕಾರ್ಖಾನೆ ಇತ್ತು. ಕಂಪನಿಯ ಗುರಿ ವಿಮಾನವನ್ನು ಸೇನೆಯು ಒಕ್ಯೂ-2 ಎಂಬ ಹೆಸರಿನಲ್ಲಿ ಸ್ವೀಕರಿಸಿತು. ಅದರ ರೆಕ್ಕೆಗಳ ಅಗಲ ಸುಮಾರು 3.7 ಮೀಟರ್, ತೂಕ ಸುಮಾರು 47 ಕಿಲೋಗ್ರಾಂ, ವೇಗ ಗಂಟೆಗೆ ಸುಮಾರು 137 ಕಿಲೋಮೀಟರ್. ಸುಮಾರು ಒಂದು ಗಂಟೆ ಹಾರಬಲ್ಲದಾಗಿದ್ದ ಇದನ್ನು ಕವಣೆಯಂತಹ ಸಾಧನದಿಂದ ಚಿಮ್ಮಿಸಿ ಹಾರಿಸಲಾಗುತ್ತಿತ್ತು. ಅಭ್ಯಾಸ ಮುಗಿದ ಮೇಲೆ ಪ್ಯಾರಾಚೂಟ್ ತೆರೆದು ಇಳಿಸಿಕೊಂಡು, ದುರಸ್ತಿ ಮಾಡಿ ಮತ್ತೆ ಬಳಸಬಹುದಾಗಿತ್ತು. ನೌಕಾಪಡೆಯು ಇದಕ್ಕಿಟ್ಟ ಟಿಡಿಡಿ ಎಂಬ ಗುರುತಿನ ಕೊನೆಯ ಅಕ್ಷರ ಡೆನ್ನಿಯವರ ಹೆಸರನ್ನು ಸೂಚಿಸುತ್ತದೆ.

ಒಕ್ಯೂ-2 ವಿಮಾನದ ಮೂತಿಯಲ್ಲಿ ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವ ಎರಡು ಪ್ರೊಪೆಲ್ಲರುಗಳಿದ್ದವು. ಒಂದೇ ಪ್ರೊಪೆಲ್ಲರ್ ಇದ್ದರೆ ಅದು ತಿರುಗುವ ದಿಕ್ಕಿಗೆ ವಿರುದ್ಧವಾಗಿ ವಿಮಾನ ವಾಲಲು ಯತ್ನಿಸುತ್ತದೆ. ಎರಡಿದ್ದರೆ ಈ ಎಳೆತಗಳು ಒಂದನ್ನೊಂದು ಅಳಿಸುತ್ತವೆ. ಆದರೆ ಈ ಏರ್ಪಾಡಿನಲ್ಲಿ ತೂಕವೂ ಚಲಿಸುವ ಭಾಗಗಳೂ ಹೆಚ್ಚುತ್ತವೆ. ಮುಂದೆ ಬಂದ ಒಕ್ಯೂ-3ರಲ್ಲಿ ಇದನ್ನು ಕೈಬಿಟ್ಟು ಒಂದೇ ಪ್ರೊಪೆಲ್ಲರ್ ಅಳವಡಿಸಿ, ಎಂಜಿನ್ನಿನ ಶಕ್ತಿಯನ್ನು ಸುಮಾರು 8 ಅಶ್ವಶಕ್ತಿಗೆ ಏರಿಸಲಾಯಿತು. ಉಕ್ಕಿನ ಕೊಳವೆಗಳ ಗಟ್ಟಿಯಾದ ಚೌಕಟ್ಟನ್ನು ಹೊಂದಿದ್ದ ಈ ಸರಳ ವಿಮಾನವೇ ಹೆಚ್ಚು ಬಳಕೆಗೆ ಬಂದಿತು. 9,400ಕ್ಕೂ ಹೆಚ್ಚು ತಯಾರಾದವು. ಯುದ್ಧವಿಮಾನಗಳ ವೇಗ ಏರಿದಂತೆ ಗುರಿಯ ವೇಗವೂ ಏರಬೇಕಾಯಿತು. 22 ಅಶ್ವಶಕ್ತಿಯ ಎಂಜಿನ್ನುಳ್ಳ ಒಕ್ಯೂ-14 ಗಂಟೆಗೆ ಸುಮಾರು 225 ಕಿಲೋಮೀಟರ್ ವೇಗದಲ್ಲಿ ಹಾರುತ್ತಿತ್ತು.

ಯುದ್ಧಕಾಲದಲ್ಲಿ ಈ ಕಾರ್ಖಾನೆಯಲ್ಲಿ ಬಹಳಷ್ಟು ಮಹಿಳೆಯರು ದುಡಿಯುತ್ತಿದ್ದರು. ಅವರಲ್ಲಿ ನಾರ್ಮಾ ಜೀನ್ ಎಂಬ ಯುವತಿಯೂ ಒಬ್ಬರು. 1944ರ ಕೊನೆಯಲ್ಲಿ ಸೇನೆಯ ಚಲನಚಿತ್ರ ಘಟಕದ ಛಾಯಾಗ್ರಾಹಕ ಡೇವಿಡ್ ಕೊನೋವರ್ ಮಹಿಳಾ ಕಾರ್ಮಿಕರ ಚಿತ್ರ ತೆಗೆಯಲು ಬಂದಾಗ ಇವರನ್ನು ಗುರುತಿಸಿದರು. ಇವರೇ ಮುಂದೆ ಮರಿಲಿನ್ ಮನ್ರೋ ಎಂಬ ಹೆಸರಿನಿಂದ ಲೋಕಪ್ರಸಿದ್ಧರಾದ ನಟಿ.

1952ರಲ್ಲಿ ನಾರ್ತ್ರಾಪ್ ವಿಮಾನ ಸಂಸ್ಥೆಯು ರೇಡಿಯೋಪ್ಲೇನ್ ಕಂಪನಿಯನ್ನು ಕೊಂಡುಕೊಂಡಿತು. ಯುದ್ಧಾನಂತರ ರೂಪುಗೊಂಡ ಒಕ್ಯೂ-19 ವಿಮಾನದಲ್ಲಿ ಮೆಕಲಕ್ ಸಂಸ್ಥೆಯ ನಾಲ್ಕು ಸಿಲಿಂಡರಿನ, 72 ಅಶ್ವಶಕ್ತಿಯ ಟೂ-ಸ್ಟ್ರೋಕ್ ಎಂಜಿನ್ ಬಳಸಲಾಯಿತು. ಗಾತ್ರ ಬೆಳೆದರೂ ಎದುರುಬದುರು ಸಿಲಿಂಡರುಗಳ, ಗಾಳಿಯಿಂದ ತಣಿಯುವ ಎಂಜಿನ್ನಿನ ಮೂಲ ವಿನ್ಯಾಸ ಬದಲಾಗಲಿಲ್ಲ.

ಪ್ರಮುಖ ಚಲನಚಿತ್ರಗಳು

* ಓ ಡಾಕ್ಟರ್ (1925)
* ಸ್ಕಿನ್ನರ್ಸ್ ಡ್ರೆಸ್ ಸೂಟ್ (1926)
* ಪ್ರೈವೇಟ್ ಲೈವ್ಸ್ (1931)
* ಆಫ್ ಹ್ಯೂಮನ್ ಬಾಂಡೇಜ್ (1934)
* ಅನ್ನಾ ಕರೆನಿನಾ (1935)
* ರೋಮಿಯೋ ಅಂಡ್ ಜೂಲಿಯೆಟ್ (1936)
* ರೆಬೆಕಾ (1940)
* ಅರೌಂಡ್ ದಿ ವರ್ಲ್ಡ್ ಇನ್ 80 ಡೇಸ್ (1956)
* ಕ್ಯಾಟ್ ಬಲೂ (1965)
* ಬ್ಯಾಟ್‌ಮನ್ (1966)

ನಿಧನ

'ಬ್ಯಾಟ್‌ಮನ್' ಡೆನ್ನಿಯವರ ಕೊನೆಯ ಚಿತ್ರ. 1967ರಲ್ಲಿ ಇಂಗ್ಲೆಂಡಿಗೆ ಹೋಗಿದ್ದಾಗ ಪಾರ್ಶ್ವವಾಯುವಿಗೆ ತುತ್ತಾಗಿ, ತಾವು ಹುಟ್ಟಿದ ರಿಚ್‌ಮಂಡ್‌ನಲ್ಲಿಯೇ ಜೂನ್ 16ರಂದು ನಿಧನರಾದರು. ಆಗ ಅವರಿಗೆ 75 ವರ್ಷ ವಯಸ್ಸಾಗಿತ್ತು. ಲಾಸ್ ಏಂಜಲಿಸ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಪರಂಪರೆ

ಡೆನ್ನಿಯವರ ಗುರಿ ವಿಮಾನಗಳಲ್ಲಿ ಕೆಲವು ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಇಂದಿನ ದೊಡ್ಡ ಮಾದರಿ ವಿಮಾನಗಳ ಹವ್ಯಾಸಿಗಳೂ ಎಣ್ಣೆ ಬೆರೆಸಿದ ಪೆಟ್ರೋಲಿನಿಂದ ನಡೆಯುವ ಟೂ-ಸ್ಟ್ರೋಕ್ ಎಂಜಿನ್ನುಗಳನ್ನು, ಹೆಚ್ಚು ಶಕ್ತಿ ಬೇಕಾದಲ್ಲಿ ಎದುರುಬದುರು ಎರಡು ಸಿಲಿಂಡರಿನ ಎಂಜಿನ್ನುಗಳನ್ನು ಬಳಸುವುದುಂಟು. ಡೆನ್ನಿ ಮತ್ತು ರೈಟರ್ ಎದುರಿಸಿದ ತೂಕ, ಅದುರುವಿಕೆ, ಬಿಸಿ ಹಾಗೂ ರೇಡಿಯೋ ಅಡಚಣೆಯ ಪ್ರಶ್ನೆಗಳೇ ಎಂಜಿನ್ ಆರಿಸುವಾಗ ಅವರಿಗೂ ಎದುರಾಗುತ್ತವೆ.