ಕಥೆಗಾರ ಹೆಡ್‌ಮಾಸ್ತರ್ ಚಾರ್ಲ್ಸ್ ಚೆಸ್ನಟ್

ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳುವ ಹೊತ್ತಿಗೆ ನಮ್ಮ ನಾಡಿನ ದೊಡ್ಡವರ ಹೆಸರುಗಳನ್ನೆಲ್ಲ ಸಹೋದ್ಯೋಗಿಗಳು ಹಂಚಿಕೊಂಡಾಗಿತ್ತು. ಇಂಗ್ಲಿಷ್ ಮೇಷ್ಟರಾದ ನನ್ನ ಪಾಲಿಗೆ ಹೊರದೇಶದ ಸಾಹಿತಿಗಳು ಉಳಿದರು. ಶೇಕ್ಸ್‌ಪಿಯರನ ಬಗ್ಗೆ ಬರೆಯಬಹುದಿತ್ತು. ಆದರೆ ಶಾಲೆಯ ಸಂಚಿಕೆಯಲ್ಲಿ ಶಾಲೆಯಿಂದಲೇ ಬೆಳೆದವರೊಬ್ಬರ ಕಥೆ ಇದ್ದರೆ ಚೆನ್ನ ಎನ್ನಿಸಿ, ಅಮೆರಿಕದ ಚಾರ್ಲ್ಸ್ ವಾಡೆಲ್ ಚೆಸ್ನಟ್ ಅವರನ್ನು ಆರಿಸಿಕೊಂಡೆ. ಅವರು ಹದಿನಾಲ್ಕರ ಸುಮಾರಿಗೇ ಪಾಠ ಹೇಳಲು ನಿಂತವರು, ಇಪ್ಪತ್ತೆರಡಕ್ಕೆ ಹೆಡ್‌ಮಾಸ್ತರಾದವರು. ಅಮೆರಿಕದ ಕಪ್ಪು ಜನರ ಕಥನ ಸಾಹಿತ್ಯಕ್ಕೆ ತಳಪಾಯ ಹಾಕಿದವರಲ್ಲಿ ಅವರೂ ಒಬ್ಬರು.

ಚೆಸ್ನಟ್ ಹುಟ್ಟಿದ್ದು 1858ರ ಜೂನ್ 20ರಂದು, ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ತಂದೆತಾಯಿ ಮೂಲತಃ ಅಮೆರಿಕದ ದಕ್ಷಿಣ ಭಾಗದವರು, ನಾರ್ತ್ ಕೆರೊಲಿನಾ ರಾಜ್ಯದ ಫಯೆಟ್‌ವಿಲ್ ಎಂಬ ಊರಿನವರು. ಗುಲಾಮರಾಗಿರಲಿಲ್ಲ, ಸ್ವತಂತ್ರರೇ. ಆದರೂ ಕಪ್ಪು ಜನಾಂಗದವರೆಂದು ಎಣಿಕೆಯಾದವರಿಗೆ ಅಲ್ಲಿ ಬದುಕು ದಿನೇ ದಿನೇ ಬಿಗಿಯಾಗುತ್ತಿದ್ದುದರಿಂದ ಉತ್ತರಕ್ಕೆ ಹೋಗಿದ್ದರು. ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ, 1866ರಲ್ಲಿ, ಕುಟುಂಬ ಊರಿಗೆ ಮರಳಿತು. ತಂದೆ ಆಂಡ್ರ್ಯೂ ಜಾಕ್ಸನ್ ಚೆಸ್ನಟ್ ದಿನಸಿ ಅಂಗಡಿ ಇಟ್ಟರು.

ಮರುವರ್ಷ ಆ ಊರಿನಲ್ಲಿ ಒಂದು ಕೆಲಸ ನಡೆಯಿತು. ಕಪ್ಪು ಜನಾಂಗದ ಏಳು ಮಂದಿ ಸೇರಿ 136 ಡಾಲರ್ ಕೊಟ್ಟು ಗಿಲೆಸ್ಪಿ ಬೀದಿಯಲ್ಲಿ ಎರಡು ನಿವೇಶನ ಕೊಂಡರು. ಆ ಜಾಗ ಎಂದೆಂದಿಗೂ ತಮ್ಮ ಮಕ್ಕಳ ವಿದ್ಯೆಗೇ ಮೀಸಲು ಎಂದು ಗೊತ್ತುಮಾಡಿ ತಾವೇ ಟ್ರಸ್ಟಿಗಳಾದರು. ಆ ಏಳು ಮಂದಿಯಲ್ಲಿ ದಿನಸಿ ಅಂಗಡಿಯ ಆಂಡ್ರ್ಯೂ ಚೆಸ್ನಟ್ ಒಬ್ಬರು. ಬಿಡುಗಡೆಯಾದ ಗುಲಾಮರ ನೆರವಿಗೆಂದು ಸರ್ಕಾರ ತೆರೆದಿದ್ದ ಇಲಾಖೆ ಕಟ್ಟಡ ಕಟ್ಟಿಸಿಕೊಟ್ಟಿತು. ಇಲಾಖೆಯ ಮುಖ್ಯಸ್ಥರಾಗಿದ್ದ ಜನರಲ್ ಹೋವರ್ಡ್ ಅವರ ಹೆಸರನ್ನೇ ಶಾಲೆಗಿಟ್ಟರು. ಜಾಗ ಊರವರದು, ಕಟ್ಟಡ ಸರ್ಕಾರದ್ದು. ನಮ್ಮ ಕಡೆಯ ಎಷ್ಟೋ ಸರ್ಕಾರಿ ಶಾಲೆಗಳ ಹುಟ್ಟೂ ಹೀಗೆಯೇ ಆದದ್ದಲ್ಲವೇ! ಅಂದಹಾಗೆ ಆ ಶಾಲೆ ಬೆಳೆದು ಇಂದು ಫಯೆಟ್‌ವಿಲ್ ಸ್ಟೇಟ್ ಯೂನಿವರ್ಸಿಟಿಯಾಗಿದೆ.

ಹುಡುಗ ಚಾರ್ಲ್ಸ್ ಅಲ್ಲಿಯೇ ಓದಿದ. ಹದಿಮೂರನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡರು. ಅಂಗಡಿ ನಡೆಯಲಿಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳು. ಹಿರಿಮಗ ಶಾಲೆ ಬಿಟ್ಟು ದುಡಿಯಬೇಕಾದ ಕಾಲ ಬಂತು. ಆಗ ಹೆಡ್‌ಮಾಸ್ತರ್ ರಾಬರ್ಟ್ ಹ್ಯಾರಿಸ್ ಒಂದು ಉಪಾಯ ಮಾಡಿದರು. ಹುಡುಗನನ್ನು ಅದೇ ಶಾಲೆಯಲ್ಲಿ ಕಿರಿಯರಿಗೆ ಪಾಠ ಹೇಳುವ ವಿದ್ಯಾರ್ಥಿ ಶಿಕ್ಷಕನನ್ನಾಗಿ ನೇಮಿಸಿಕೊಂಡರು. ಸಂಬಳ ಮನೆಗೆ, ಓದು ಹುಡುಗನಿಗೆ. ಹ್ಯಾರಿಸ್ ಅಂದು ಸುಮ್ಮನಿದ್ದಿದ್ದರೆ ಚೆಸ್ನಟ್ ಎಂಬ ಲೇಖಕ ಇರುತ್ತಿರಲಿಲ್ಲ. ಒಬ್ಬ ಹುಡುಗ ಶಾಲೆ ಬಿಡುವ ಸುದ್ದಿ ಸ್ಟಾಫ್ ರೂಮಿಗೆ ಬಂದಾಗಲೆಲ್ಲ ನನಗೆ ಹ್ಯಾರಿಸ್ ಅವರ ನೆನಪಾಗುತ್ತದೆ.

ಈ ಕಥೆಯನ್ನು ತರಗತಿಯಲ್ಲಿ ಹೇಳಿ ಚೆಸ್ನಟ್ ಅವರ ಭಾವಚಿತ್ರ ತೋರಿಸಿದರೆ ಮಕ್ಕಳು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: ಇವರು ಬೆಳ್ಳಗಿದ್ದಾರಲ್ಲ ಸಾರ್, ಕರಿಯರು ಹೇಗಾದರು? ಪ್ರಶ್ನೆ ಸರಿಯಾಗಿಯೇ ಇದೆ. ಚೆಸ್ನಟ್ ಅವರ ತಂದೆಯ ತಂದೆ ಬಿಳಿಯ, ಗುಲಾಮರ ಒಡೆಯ. ಅಜ್ಜಿಯರು ಮಿಶ್ರ ರಕ್ತದವರು. ಮೊಮ್ಮಗನನ್ನು ನೋಡಿದರೆ ಯಾರೂ ಬಿಳಿಯನೆಂದೇ ತಿಳಿಯಬೇಕು, ಹಾಗಿದ್ದರು. ಆದರೆ ಅಲ್ಲಿನ ಸಮಾಜ ಚರ್ಮ ನೋಡಿ ಸುಮ್ಮನಾಗುತ್ತಿರಲಿಲ್ಲ, ವಂಶ ಕೆದಕುತ್ತಿತ್ತು. ಕಾಲು ಭಾಗ ಕರಿಯ ರಕ್ತವಿದ್ದರೆ ಕರಿಯ ಎಂದು ಒಂದು ರಾಜ್ಯದ ಕಾನೂನು, ಎಂಟನೆಯ ಒಂದು ಭಾಗವಿದ್ದರೂ ಕರಿಯ ಎಂದು ಇನ್ನೊಂದರದು. ಒಂದು ರಾಜ್ಯದಲ್ಲಿ ಬಿಳಿಯನಾದವನು ಗಡಿ ದಾಟಿದರೆ ಕರಿಯನಾಗಬಹುದು! ಮುಂದೆ ವಕೀಲಿ ಓದಿದ ಮೇಲೆ, 1889ರಲ್ಲಿ, ಬಿಳಿಯನೆಂದರೆ ಯಾರು ಎಂದು ಕೇಳುವ ಒಂದು ಲೇಖನದಲ್ಲಿ ಚೆಸ್ನಟ್ ಈ ಕಾನೂನುಗಳನ್ನೆಲ್ಲ ಸಾಲಾಗಿ ಇಟ್ಟು ತೋರಿಸಿದರು. ಸಾಲಾಗಿ ಇಟ್ಟದ್ದೇ ಸಾಕಾಯಿತು, ಅವುಗಳ ಹುಳುಕು ತಾನೇ ಕಾಣುತ್ತಿತ್ತು.

ಹದಿನಾರು ಹದಿನೇಳರ ವಯಸ್ಸಿನಲ್ಲಿ ಅವರು ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಲು ಊರೂರು ತಿರುಗಿದರು. ಅವರು ಬರೆದಿಟ್ಟ ದಿನಚರಿ ಉಳಿದಿದೆ. ದಾರಿಯಲ್ಲಿ ಜನ ಅವರನ್ನು ಬಿಳಿಯನೆಂದೇ ತಿಳಿಯುತ್ತಿದ್ದರು. ಗುರುತಿಲ್ಲದ ಊರಿಗೆ ಹೋಗಿ ಬಿಳಿಯನಾಗಿಯೇ ಬದುಕಿಬಿಡೋಣವೇ ಎಂಬ ಆಸೆಯನ್ನು 1875ರ ಬೇಸಿಗೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಹಾಗೆ ಮಾಡಿದವರು ಆಗ ಅನೇಕರಿದ್ದರು. ತಾಯಿ, ತಮ್ಮ, ತಂಗಿ ಎಲ್ಲರನ್ನೂ ಬಿಟ್ಟು, ಮತ್ತೆಂದೂ ಮನೆಯ ಕಡೆ ತಿರುಗಿ ನೋಡದೆ ಹೋಗಬೇಕಾಗಿತ್ತು. ಚೆಸ್ನಟ್ ಹೋಗಲಿಲ್ಲ. ಜೀವನವಿಡೀ ತಮ್ಮನ್ನು ಕಪ್ಪು ಜನಾಂಗದವರೆಂದೇ ಹೇಳಿಕೊಂಡರು. ಆದರೆ ಹೊರಟುಹೋದವರ ಮನಸ್ಸು ಏನೆಂಬುದು ಅವರಿಗೆ ಒಳಗಿನಿಂದ ಗೊತ್ತಿತ್ತು. ಅವರ ಒಳ್ಳೆಯ ಕಥೆಗಳೆಲ್ಲ ಅಲ್ಲಿಂದಲೇ ಹುಟ್ಟಿದವು ಎಂದು ನಾನು ಭಾವಿಸಿದ್ದೇನೆ.

ಅದೇ ದಿನಚರಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ತಾವು ಉಳಿದುಕೊಂಡಿದ್ದ ಹಳ್ಳಿ ಮನೆಯವರು ದೆವ್ವ, ಶಕುನ, ಮಾಟಗಾತಿ ಎಂದೆಲ್ಲ ನಂಬುವುದನ್ನು ಕಂಡು ಹುಡುಗ ಮೇಷ್ಟರಿಗೆ ರೇಗಿಹೋಗಿತ್ತು. ಹೊಸದಾಗಿ ನಾಲ್ಕಕ್ಷರ ಕಲಿತವನ ಅಸಹನೆ ಅದು. ಅವರು ಭಾನುವಾರದ ಧರ್ಮಪಾಠ ಶಾಲೆ ನಡೆಸುತ್ತಿದ್ದವರು, ಚರ್ಚಿನ ಶಿಸ್ತು ಬಲ್ಲವರು. ಹನ್ನೆರಡು ವರ್ಷಗಳ ನಂತರ ಅವರ ಹೆಸರನ್ನು ದೇಶಕ್ಕೆ ತಿಳಿಸಿದ್ದು ಆ ಮಾಟಮಂತ್ರದ ನಂಬಿಕೆಗಳೇ.

1878ರಲ್ಲಿ ಸೂಸನ್ ಪೆರಿ ಎಂಬ ಶಿಕ್ಷಕಿಯೊಡನೆ ಮದುವೆಯಾಯಿತು. ಅಷ್ಟು ಹೊತ್ತಿಗೆ ಹೋವರ್ಡ್ ಶಾಲೆಯೇ ಕಪ್ಪು ಜನಾಂಗದ ಶಿಕ್ಷಕರನ್ನು ತಯಾರು ಮಾಡುವ ಸರ್ಕಾರಿ ತರಬೇತಿ ಶಾಲೆಯಾಗಿತ್ತು. 1880ರಲ್ಲಿ ಹ್ಯಾರಿಸ್ ತೀರಿಕೊಂಡಾಗ ಆ ಕುರ್ಚಿಗೆ ಚೆಸ್ನಟ್ ಬಂದರು. ಲ್ಯಾಟಿನ್, ಫ್ರೆಂಚ್, ಜರ್ಮನ್ ಭಾಷೆಗಳ ಕಲಿಕೆ ಬಹುಮಟ್ಟಿಗೆ ಮನೆಯಲ್ಲೇ ನಡೆಯಿತು. ಶೀಘ್ರಲಿಪಿಯನ್ನು, ಅಂದರೆ ಶಾರ್ಟ್‌ಹ್ಯಾಂಡನ್ನು, ತಾವೇ ಅಭ್ಯಾಸ ಮಾಡಿದರು. ಅದೇ ವರ್ಷ ಪುಸ್ತಕ ಬರೆಯುವ ಸಂಕಲ್ಪವನ್ನೂ ದಿನಚರಿಯಲ್ಲಿ ದಾಖಲಿಸಿದರು. ಕಪ್ಪು ಜನರನ್ನು ಉದ್ಧರಿಸುವುದಕ್ಕಿಂತ ಹೆಚ್ಚಾಗಿ ಬಿಳಿಯರನ್ನು ಮೇಲೆತ್ತುವುದಕ್ಕಾಗಿ ಬರೆಯುತ್ತೇನೆ ಎಂಬುದು ಅದರ ಸಾರ. ರೋಗ ಇರುವುದು ಮುಟ್ಟಿಸಿಕೊಳ್ಳದವರಲ್ಲಿ, ಆದ್ದರಿಂದ ಔಷಧಿಯೂ ಅಲ್ಲಿಗೇ ಎಂಬ ವಿಚಾರ. ಇಪ್ಪತ್ತೊಂದರ ಯುವಕನಿಗೆ ಅದು ಹೊಳೆದಿತ್ತು!

ಆ ಊರಿನಲ್ಲಿ ಇದ್ದುಕೊಂಡು ಅದು ಸಾಧ್ಯವಿರಲಿಲ್ಲ. 1883ರಲ್ಲಿ ಹೆಡ್‌ಮಾಸ್ತರ್ ಕೆಲಸ ಬಿಟ್ಟು ನ್ಯೂಯಾರ್ಕಿಗೆ ಹೋಗಿ, ಕೆಲವು ತಿಂಗಳು ಪತ್ರಿಕೆ ಕೆಲಸ ಮಾಡಿ, ಹುಟ್ಟೂರು ಕ್ಲೀವ್‌ಲ್ಯಾಂಡಿಗೆ ಬಂದು ನೆಲೆಸಿದರು. 1887ರಲ್ಲಿ ಓಹಾಯೊ ವಕೀಲಿ ಪರೀಕ್ಷೆಯಲ್ಲಿ ತಮ್ಮ ತಂಡದಲ್ಲೇ ಹೆಚ್ಚು ಅಂಕ ಪಡೆದರು. ಆದರೂ ನ್ಯಾಯಾಲಯದ ಶೀಘ್ರಲಿಪಿಯೇ ಅವರ ಜೀವನೋಪಾಯವಾಯಿತು.

ಅದೇ 1887ರ ಆಗಸ್ಟ್‌ನಲ್ಲಿ, ಅಮೆರಿಕದ ಹೆಸರಾಂತ ಮಾಸಿಕ 'ಅಟ್ಲಾಂಟಿಕ್ ಮಂತ್ಲಿ'ಯಲ್ಲಿ ಅವರ ಕಥೆಯೊಂದು ಪ್ರಕಟವಾಯಿತು. ಕಪ್ಪು ಜನಾಂಗದ ಲೇಖಕರೊಬ್ಬರ ಕಥೆ ಆ ಪತ್ರಿಕೆಯಲ್ಲಿ ಬಂದದ್ದು ಅದೇ ಮೊದಲು. ಲೇಖಕರ ಜನಾಂಗ ಯಾವುದೆಂದು ಓದುಗರಿಗೆ ತಿಳಿದಿರಲಿಲ್ಲ. ಮಾಟ ಮಾಡಿದ ದ್ರಾಕ್ಷಿ ತೋಟದ ಕಥೆ ಅದು. ಇಂಥವು ಏಳು ಸೇರಿ 1899ರಲ್ಲಿ 'ದಿ ಕಾಂಜುರ್ ವುಮನ್', ಅಂದರೆ ಮಾಟಗಾತಿ, ಎಂಬ ಪುಸ್ತಕವಾಯಿತು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು 'ಪೋ ಸ್ಯಾಂಡಿ', ಬಡಪಾಯಿ ಸ್ಯಾಂಡಿಯ ಕಥೆ. ಉತ್ತರದಿಂದ ಬಂದ ಬಿಳಿಯ ದಂಪತಿ ತಮ್ಮ ಜಮೀನಿನಲ್ಲಿರುವ ಹಳೆಯ ಶಾಲೆಯ ಕಟ್ಟಡ ಕೆಡವಿ, ಆ ಹಲಗೆಗಳಿಂದ ಅಡಿಗೆ ಮನೆ ಕಟ್ಟಿಸಲು ಹೊರಡುತ್ತಾರೆ. ಮೊದಲು ಗುಲಾಮನಾಗಿದ್ದ ಮುದುಕ ಜೂಲಿಯಸ್ ಆ ಹಲಗೆಗಳ ಕಥೆ ಹೇಳುತ್ತಾನೆ. ಸ್ಯಾಂಡಿ ಎಂಬ ಗುಲಾಮನನ್ನು ಒಡೆಯ ತನ್ನ ಮಕ್ಕಳ ಮನೆಗಳಿಗೆಲ್ಲ ಸರದಿಯಂತೆ ಎರವಲು ಕೊಡುತ್ತಿದ್ದ. ಒಂದು ಕಡೆ ನಿಂತರೆ ಸಾಕೆಂದು ಹಂಬಲಿಸಿದ ಅವನನ್ನು ಮಾಟ ಬಲ್ಲ ಹೆಂಡತಿ ಟೆನಿ ಪೈನ್ ಮರವಾಗಿಸುತ್ತಾಳೆ. ಅವಳನ್ನು ಬೇರೆ ಕಡೆ ಕಳಿಸಿದ್ದಾಗ ಒಡೆಯ ಆ ಮರವನ್ನೇ ಕಡಿಸಿ ಹಲಗೆ ಕೊಯ್ಸುತ್ತಾನೆ. ಕಥೆ ಕೇಳಿದ ಯಜಮಾನಿತಿಗೆ ಆ ಹಲಗೆ ಮುಟ್ಟಲು ಮನಸ್ಸು ಬರುವುದಿಲ್ಲ. ಕೊನೆಗೆ ನೋಡಿದರೆ, ತನ್ನ ಚರ್ಚಿನಿಂದ ಒಡೆದು ಬಂದ ಗುಂಪಿನ ಪ್ರಾರ್ಥನೆಗೆ ಆ ಕಟ್ಟಡವನ್ನು ಜೂಲಿಯಸ್ ಕೇಳಿ ಪಡೆದಿರುತ್ತಾನೆ! ಮುದುಕನ ಜಾಣತನಕ್ಕೆ ನಗು ಬರುತ್ತದೆ. ಗರಗಸದ ಕೆಳಗೆ ನರಳಿದ ಸ್ಯಾಂಡಿಯ ನೋವು ಮಾತ್ರ ನಗುವಿನ ಜೊತೆಗೆ ಮರೆಯಾಗುವುದಿಲ್ಲ. ಮಾಟವನ್ನು ನಂಬುತ್ತಲೇ ಏಸುವಿಗೆ ಪ್ರಾರ್ಥಿಸುವ ಜನರನ್ನು ಹುಡುಗನಾಗಿದ್ದಾಗ ಹಳಿದವರು, ಇಲ್ಲಿ ಆ ನಂಬಿಕೆಯ ಒಳಗೆ ಅಡಗಿದ್ದ ಅಳಲನ್ನು ಕೇಳಿಸಿಕೊಂಡಿದ್ದಾರೆ.

ಇದೇ ವರ್ಷದ ಇನ್ನೊಂದು ಸಂಕಲನದ ಶೀರ್ಷಿಕೆ ಕಥೆ 'ದಿ ವೈಫ್ ಆಫ್ ಹಿಸ್ ಯೂತ್', ಅಂದರೆ ಯೌವನದ ಹೆಂಡತಿ. ತೊಗಲಿನ ಮೇಲೆ ನೀಲಿ ನರ ಕಾಣುವಷ್ಟು ಬೆಳ್ಳಗಿದ್ದವರಿಗೆ ಮಾತ್ರ ಪ್ರವೇಶವೆಂದು ಜನ ಆಡಿಕೊಳ್ಳುತ್ತಿದ್ದ ಸಂಘವೊಂದರ ಮುಖಂಡ ರೈಡರ್. ಮಿಶ್ರ ರಕ್ತದವರು ತಮಗಿಂತ ಕಪ್ಪಗಿರುವವರನ್ನು ದೂರವಿಡುವ ಸಂಘ ಅದು. ಬೆಳ್ಳನೆಯ ವಿಧವೆಯೊಬ್ಬಳನ್ನು ಮದುವೆಗೆ ಕೇಳಲು ರೈಡರ್ ಔತಣ ಏರ್ಪಡಿಸಿದ ದಿನವೇ, ಕಡು ಕಪ್ಪಿನ ಮುದುಕಿಯೊಬ್ಬಳು ಬಾಗಿಲಿಗೆ ಬರುತ್ತಾಳೆ. ಗುಲಾಮಗಿರಿಯ ಕಾಲದಲ್ಲಿ ಅಗಲಿದ ಗಂಡನನ್ನು ಇಪ್ಪತ್ತೈದು ವರ್ಷಗಳಿಂದ ಹುಡುಕುತ್ತಿದ್ದಾಳೆ. ಎದುರಿಗೆ ನಿಂತವನೇ ಅವನೆಂದು ಅವಳಿಗೆ ಗುರುತಾಗುವುದಿಲ್ಲ. ಆ ಕಾಲದ ಗುಲಾಮರ ಮದುವೆಗೆ ಕಾನೂನಿನ ಬಲವಿಲ್ಲ, ರೈಡರ್ ಸುಮ್ಮನಿದ್ದರೆ ಕೇಳುವವರೂ ಇಲ್ಲ. ರಾತ್ರಿ ತುಂಬಿದ ಸಭೆಯಲ್ಲಿ ಅವಳ ಕೈ ಹಿಡಿದು ಕರೆತಂದು, ಇವಳೇ ನನ್ನ ಹೆಂಡತಿ ಎಂದು ಪರಿಚಯಿಸುತ್ತಾನೆ. ಕಥೆ ಅಲ್ಲಿಗೇ ಮುಗಿಯುತ್ತದೆ. ನಾಳೆ ಅವರ ಸಂಸಾರ ಹೇಗೆ ನಡೆಯಿತು ಎಂದು ಬರೆಯಲು ಹೋಗದ ಸಂಯಮ ದೊಡ್ಡದು.

1900ರ ಕಾದಂಬರಿ 'ದಿ ಹೌಸ್ ಬಿಹೈಂಡ್ ದಿ ಸೀಡರ್ಸ್' ಇದಕ್ಕೆ ತಿರುಗುಮುರುಗು. ಅಣ್ಣ ಹೆಸರು ಬದಲಿಸಿಕೊಂಡು ಬಿಳಿಯ ವಕೀಲನಾಗಿದ್ದಾನೆ. ತಂಗಿ ರೀನಾಳನ್ನೂ ಕರೆದೊಯ್ಯುತ್ತಾನೆ. ಬಿಳಿಯ ಯುವಕನೊಬ್ಬ ಅವಳನ್ನು ಪ್ರೀತಿಸಿ ಮದುವೆ ನಿಶ್ಚಯವಾದ ಮೇಲೆ, ಕಾಯಿಲೆ ಬಿದ್ದ ತಾಯಿಯನ್ನು ನೋಡಲು ಅವಳು ಊರಿಗೆ ಬರುತ್ತಾಳೆ, ಗುಟ್ಟು ಬಯಲಾಗುತ್ತದೆ. ಮುಂದೆ ರೀನಾ ಹಳ್ಳಿ ಶಾಲೆಯ ಮೇಡಂ ಆಗುತ್ತಾಳೆ. ಕೊನೆಯ ಭಾಗದಲ್ಲಿ ಬಿರುಗಾಳಿ, ಜೌಗು, ಜ್ವರ, ಸಾವು ಎಂದು ನಾಟಕೀಯತೆ ಸ್ವಲ್ಪ ಹೆಚ್ಚಾಯಿತು ಎಂದೇ ನನ್ನ ಅನಿಸಿಕೆ. ತಾಯಿಗೂ ಗೌರವಕ್ಕೂ ನಡುವೆ ಒಂದನ್ನು ಆರಿಸಬೇಕಾದ ಹುಡುಗಿಯ ಸಂಕಟ ಮಾತ್ರ ನಿಜವಾದದ್ದು.

1898ರ ನವೆಂಬರ್ 10ರಂದು ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್ ನಗರದಲ್ಲಿ ಬಿಳಿಯರ ಸಶಸ್ತ್ರ ಗುಂಪು ಕಪ್ಪು ಜನರನ್ನು ಕೊಂದು, ಚುನಾಯಿತ ನಗರಾಡಳಿತವನ್ನೇ ಉರುಳಿಸಿತು. ಚೆಸ್ನಟ್ ಅವರ ಬಂಧುಗಳು ಅಲ್ಲಿದ್ದರು. ಆ ಘಟನೆಯ ಮೇಲೆ 1901ರಲ್ಲಿ ಅವರು 'ದಿ ಮ್ಯಾರೊ ಆಫ್ ಟ್ರೆಡಿಷನ್' ಬರೆದರು. ಅದರಲ್ಲಿ ಒಬ್ಬನೇ ತಂದೆಗೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಗಲಭೆಗೆ ಕಾರಣನಾದ ಬಿಳಿಯ ಸಂಪಾದಕನ ಹೆಂಡತಿ, ಇನ್ನೊಬ್ಬಳು ಕಪ್ಪು ವೈದ್ಯನ ಹೆಂಡತಿ. ಗಲಭೆಯ ಗುಂಡಿಗೆ ವೈದ್ಯನ ಮಗು ಸಾಯುತ್ತದೆ. ಅದೇ ರಾತ್ರಿ ಸಂಪಾದಕನ ಮಗುವಿಗೆ ಉಸಿರು ಕಟ್ಟಿದಾಗ ಉಳಿಸಬಲ್ಲವನು ಆ ವೈದ್ಯನೊಬ್ಬನೇ. ಜನ್ಮವಿಡೀ ತಂಗಿಯ ಮುಖ ನೋಡದಿದ್ದವಳು ಬಂದು, ತಂಗಿ ಎಂದು ಕರೆದು, ಬಚ್ಚಿಟ್ಟ ಆಸ್ತಿಯ ಹಕ್ಕನ್ನೂ ಒಪ್ಪಿಕೊಂಡು ಬೇಡುತ್ತಾಳೆ. ಹೆಸರೂ ಬೇಡ, ಹಣವೂ ಬೇಡ ಎಂದು ಸತ್ತ ಮಗುವಿನ ತಾಯಿ ತಿರಸ್ಕರಿಸಿ, ಗಂಡನನ್ನು ಮಾತ್ರ ಕಳಿಸಿಕೊಡುತ್ತಾಳೆ.

ಬಿಳಿಯ ಓದುಗರಿಗೆ ಇದು ರುಚಿಸಲಿಲ್ಲ. ಹಿಂದೆ ಬೆನ್ನು ತಟ್ಟಿದ್ದ ದೊಡ್ಡ ವಿಮರ್ಶಕ ಹೊವೆಲ್ಸ್ ಕೂಡ ಪುಸ್ತಕ ಕಹಿಯಾಯಿತೆಂದರು. ಬರವಣಿಗೆಯಿಂದಲೇ ಬದುಕಲು 1899ರಲ್ಲಿ ಮುಚ್ಚಿದ್ದ ಶೀಘ್ರಲಿಪಿ ಕಚೇರಿಯನ್ನು ಚೆಸ್ನಟ್ ಮತ್ತೆ ತೆರೆಯಬೇಕಾಯಿತು. 1905ರ ನಂತರ ಅವರ ಜೀವಿತದಲ್ಲಿ ಹೊಸ ಪುಸ್ತಕ ಬರಲಿಲ್ಲ. ಬರೆಯುವುದನ್ನು ಮಾತ್ರ ಬಿಡಲಿಲ್ಲ. 1920ರ ದಶಕದಲ್ಲಿ ಬರೆದ ಎರಡು ಕಾದಂಬರಿಗಳಲ್ಲಿ ಕಪ್ಪು ಜನಾಂಗದವನೆಂದು ಬೆಳೆದ ನಾಯಕನಿಗೆ ತಾನು ಅಪ್ಪಟ ಬಿಳಿಯನೆಂದು ತಿಳಿಯುತ್ತದೆ, ತಿಳಿದ ಮೇಲೂ ಅವನು ತನ್ನನ್ನು ಬೆಳೆಸಿದವರ ಕಡೆಯೇ ನಿಲ್ಲುತ್ತಾನೆ. ಪ್ರಕಾಶಕರು ಮುಟ್ಟದ ಆ ಹಸ್ತಪ್ರತಿಗಳು 1998 ಮತ್ತು 1999ರಲ್ಲಿ ಅಚ್ಚಾದವು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ರಾಷ್ಟ್ರೀಯ ಸಂಘ 1928ರಲ್ಲಿ ಅವರಿಗೆ ಸ್ಪಿಂಗಾರ್ನ್ ಪದಕ ನೀಡಿತು. 1932ರ ನವೆಂಬರ್ 15ರಂದು ಕ್ಲೀವ್‌ಲ್ಯಾಂಡಿನಲ್ಲಿ ತೀರಿಕೊಂಡರು. ಮಗಳು ಹೆಲೆನ್ ಅದೇ ನಗರದ ಸೆಂಟ್ರಲ್ ಹೈಸ್ಕೂಲಿನಲ್ಲಿ ಲ್ಯಾಟಿನ್ ಶಿಕ್ಷಕಿಯಾಗಿದ್ದರು. ಅವರ ತರಗತಿಯಲ್ಲಿ ಕುಳಿತು ಕಲಿತವರಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಒಬ್ಬರು. ತಂದೆಯ ಜೀವನ ಚರಿತ್ರೆಯನ್ನು 1952ರಲ್ಲಿ ಬರೆದವರೂ ಹೆಲೆನ್ ಅವರೇ.

ಓದಬಯಸುವ ಮಕ್ಕಳು ಮಾಟಗಾತಿಯ ಕಥೆಗಳಿಂದ ಆರಂಭಿಸುವುದು ಬೇಡ. ಜೂಲಿಯಸ್ ಆಡುವ ಹಳ್ಳಿ ಇಂಗ್ಲಿಷ್ ಮೊದಲಿಗೆ ಬಾಯಿಗೆ ಹತ್ತುವುದಿಲ್ಲ, ಜೋರಾಗಿ ಓದಿಕೊಂಡರೆ ಮಾತ್ರ ತಿಳಿಯುತ್ತದೆ. ರೈಡರನ ಕಥೆಯನ್ನು ಮೊದಲು ಓದಲಿ. ಅದರ ಪ್ರತಿಯೊಂದನ್ನು ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಇಟ್ಟಿದ್ದೇನೆ.